ನಾಲ್ಕಕ್ಕೇ ಹೊತ್ತು ಮುಳುಗುವ ಊರು

ರತ್ನಮ್ಮ ರಶ್ಮಿಯನ್ನು ಮೊದಲು ನೋಡಿದ್ದು ಅವಳು ಮದುಮಗಳಾಗಿ ಬಂದ ದಿನ. ವಯನಾಡಿನ ಪೆರಿಕಲ್ಲೂರಿನ ಹೊಳೆದಡದ ಮನೆಯಲ್ಲಿ ಧಾರೆ ಮುಗಿಸಿಕೊಂಡು ಹೊರಟ ಜೀಪು ಮಧ್ಯಾಹ್ನ ಇಳಿಯುವುದರೊಳಗೆ ವೆಳ್ಳಮುಂಡ ಮುಟ್ಟಬೇಕಿತ್ತು. ದಾರಿಯಲ್ಲಿ ಚಕ್ರ ಕೆಟ್ಟಿತು, ಬೇರೆ ಚಕ್ರ ಬರುವುದು ತಡವಾಯಿತು. ಗದ್ದೆಯಂಚಿನ ಮನೆಯ ಮುಂದೆ ಜೀಪು ಬಂದು ನಿಂತಾಗ ಅಂಗಳದಲ್ಲಿ ಬೆಳಕಿತ್ತು, ಆದರೆ ಸೂರ್ಯ ಗುಡ್ಡದ ಹಿಂದೆ ಇಳಿದಾಗಿತ್ತು.

ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಎಲೆ ಹಾಕುವ ಪದ್ಧತಿಯಿಲ್ಲ. ಆದರೂ ಹುಡುಗಿ ಬೆಳಗಿನಿಂದ ಉಪವಾಸವಿದ್ದಾಳೆಂದು ಹೆಂಗಸರಿಗೆಲ್ಲ ಗೊತ್ತು. ಹೊಸ ಸೊಸೆ, ಎರಡು ತುತ್ತು ಉಂಡರೆ ಯಾರೂ ಏನೂ ಅನ್ನುವುದಿಲ್ಲ ಎಂದು ಒಬ್ಬಳು ಹೇಳಿದಳು, ಇನ್ನೊಬ್ಬಳು ಆಗಲೇ ಎಲೆ ತೊಳೆಯಲು ಎದ್ದಳು. ಹುಡುಗಿ ನಕ್ಕು, ನಾಳೆ ಉಣ್ಣುತ್ತೇನೆ ಎಂದಳು. ಕಾಲು ತೊಳೆಸಲು ಅವಳನ್ನು ಹಿತ್ತಿಲಿಗೆ ಕರೆತಂದರು. ಅಲ್ಲಿ ಕೊಡ ಹಿಡಿದು ನಿಂತಿದ್ದವಳು ರತ್ನಮ್ಮ, ಮದುಮಗನ ಅಪ್ಪ ಧರ್ಮರಾಜನ ತೀರಿಹೋದ ಅಣ್ಣನ ಹೆಂಡತಿ. ಅವಳದು ಪಕ್ಕದ ಮನೆ, ಎರಡಕ್ಕೂ ಒಂದೇ ಅಂಗಳ.

"ನೀವು ನನಗೆ ಏನಾಗ್ಬೇಕು?" ಎಂದು ಹುಡುಗಿ ಕೇಳಿದಳು.

"ನಿನ್ನ ಅತ್ತೆ ಇದ್ದಿದ್ರೆ ಅವಳಿಗೆ ಓರಗಿತ್ತಿ. ದೊಡ್ಡತ್ತೆ ಅನ್ನು."

"ಹಂಗಾದ್ರೆ ನಿಮ್ಮ ಹತ್ರ ನಿಜ ಹೇಳ್ಬಹುದು ದೊಡ್ಡತ್ತೆ. ದಾರೀಲೆಲ್ಲ ಹೊಟ್ಟೆ ಹಿಂಡ್ತಿತ್ತು. ಈಗ ಏನೂ ಇಲ್ಲ. ನನ್ನ ಹೊಟ್ಟೆ ಕೋಳಿ ಇದ್ದ ಹಾಗೆ, ಹೊತ್ತು ಮುಳುಗಿದ ಕೂಡ್ಲೇ ಮಲಗಿಬಿಡುತ್ತೆ."

ಮರುದಿನ ಬೆಳಕು ಹರಿದ ಮೇಲೆ ರತ್ನಮ್ಮ ಒಂದು ಚಿಪ್ಪು ನೇಂದ್ರಬಾಳೆ ತೆಗೆದುಕೊಂಡು ಹೋದಳು. ಹುಡುಗಿ ಅಡುಗೆಮನೆಯ ಬಾಗಿಲ ಹಿಂದೆ ಕೂತು, ಮಾವನಿಗೆ ಕಾಣದ ಹಾಗೆ, ಒಂದಾದ ಮೇಲೊಂದು ಸುಲಿದು ತಿಂದಳು. ರಶ್ಮಿಯ ನೇಮ ಅಂಥದು. ಹುಟ್ಟಿದ ಮನೆಯಿಂದ ಬಂದದ್ದು, ಬಾಯಿ ಮುಕ್ಕಳಿಸುವಷ್ಟು ಸಹಜವಾದದ್ದು. ಯಾರೂ ಅದನ್ನು ಹೊಗಳಿರಲಿಲ್ಲ, ಹೊಗಳಬೇಕೆಂದು ಅವಳಿಗೂ ತೋಚಿರಲಿಲ್ಲ.

ಅವಳು ನರ್ಸಿಂಗ್ ಸಹಾಯಕಿಯ ಕೆಲಸ ಕಲಿತವಳು. ಮಾನಂದವಾಡಿಯ ಒಂದು ಸಣ್ಣ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಗಂಡ ಅರಿಹಂತ್ ಕಾಪಿ, ಮೆಣಸು ಕೊಂಡು ಮಾರುವವನು, ಮಾತು ಕಡಿಮೆ. ಮೂರನೆಯ ವರ್ಷ ಹೆಣ್ಣು ಮಗುವಾಯಿತು, ಧನ್ಯ ಎಂದು ಹೆಸರಿಟ್ಟರು. ರಶ್ಮಿ ಕೆಲಸಕ್ಕೆ ಹೋದಾಗ ಮಗು ರತ್ನಮ್ಮನ ಸೊಂಟದಲ್ಲಿ. ಸಂಜೆ ಬಸ್ಸಿಳಿದು ಬಂದವಳು ಮೊದಲು ರತ್ನಮ್ಮನ ಅಡುಗೆಮನೆಗೆ ಬಂದು, ಆಕಾಶ ನೋಡುತ್ತ ಗಬಗಬನೆ ಉಂಡು, ಆಮೇಲೆ ಮಗುವನ್ನು ಎತ್ತಿಕೊಂಡು ತನ್ನ ಮನೆಗೆ ಹೋಗುತ್ತಿದ್ದಳು.

ಆ ಕಡೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಇಂಗ್ಲೆಂಡಿಗೆ ಹೋಗತೊಡಗಿದ ಕಾಲ ಅದು. ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಗಳಿವೆ, ಎತ್ತಿ ಕೂರಿಸಲು, ಮೀಯಿಸಲು, ಉಣ್ಣಿಸಲು ಜನ ಬೇಕು. ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಸರಿತ ಮೊದಲು ಹೋದಳು, ಹೋದವಳು ರಶ್ಮಿಗೂ ದಾರಿ ಮಾಡಿದಳು. ಗಂಡನನ್ನೂ ಮಗುವನ್ನೂ ಕರೆದುಕೊಂಡು ಹೋಗಲು ಬಾರದ ವೀಸಾ. ಮೂರು ವರ್ಷ ತಾನೇ ಎಂದು ಧರ್ಮರಾಜ ಹೇಳಿದ. ಧನ್ಯಳಿಗೆ ಆಗ ಎರಡು ತುಂಬಿತ್ತು.

ಹೊರಡುವ ಮುನ್ನಾದಿನ ಎಲ್ಲರೂ ಬಸದಿಗೆ ಹೋದರು. ಜೂನ್ ತಿಂಗಳು, ಮಳೆ ಹನಿಯುತ್ತಿತ್ತು. ಪೂಜೆ ಮುಗಿದ ಮೇಲೆ ಧರ್ಮರಾಜ ಸೊಸೆಯನ್ನು ಮುಂದೆ ಕರೆದ. ಹೊರದೇಶಕ್ಕೆ ಹೋದವರು ಎಲ್ಲ ಬಿಟ್ಟುಬಿಡುತ್ತಾರೆ ಎಂದು ಜನ ಆಡಿಕೊಳ್ಳುತ್ತಾರೆ, ನಮ್ಮ ಮನೆಯವಳು ಬಿಡುವುದಿಲ್ಲ ಎಂದು ದೇವರೆದುರು ಒಂದು ನೇಮ ಹಿಡಿಯಲಿ ಎಂದ. ಅವಳಿಗೆ ಅದು ಕಷ್ಟದ ಮಾತಾಗಿ ಕಾಣಲಿಲ್ಲ. ಇಷ್ಟು ದಿನ ಮಾಡಿದ್ದನ್ನೇ ಬಾಯಲ್ಲಿ ಹೇಳುವುದು, ಅಷ್ಟೇ. ಮತ್ತೆ ಬಂದು ಈ ಬಸದಿಯ ಮೆಟ್ಟಿಲು ಹತ್ತುವವರೆಗೆ, ಹೊತ್ತು ಮುಳುಗಿ ಮತ್ತೆ ಮೂಡುವ ತನಕ ಅನ್ನ ಮುಟ್ಟುವುದಿಲ್ಲ ಎಂದು ಕೈಮುಗಿದು ಹೇಳಿದಳು. ಅರಿಹಂತ್ ಅದನ್ನು ಫೋನಿನಲ್ಲಿ ಹಿಡಿದ. ಧರ್ಮರಾಜ ಅದನ್ನು ಮೆಟ್ಟಿಲಿಳಿಯುವುದರೊಳಗೆ ಗ್ರೂಪಿಗೆ ಹಾಕಿದ.

ಗ್ರೂಪು ಎಂದರೆ ವಯನಾಡಿನ ಅವರ ಜನ ಫೋನಿನಲ್ಲಿ ಕಟ್ಟಿಕೊಂಡ ವಾಟ್ಸಾಪ್ ಗ್ರೂಪು. ಬಸದಿಯ ಹೆಸರೇ ಅದಕ್ಕೂ. ಹುಟ್ಟು, ಸಾವು, ಮೆಣಸಿನ ದರ, ಪರ್ವದ ದಿನ ಎಲ್ಲ ಅದರಲ್ಲಿ ಬರುತ್ತದೆ. ಕಲ್ಪೆಟ್ಟದ ಭಾಗ್ಯಲಕ್ಷ್ಮಿ ಅದನ್ನು ನಡೆಸುವವಳು. ರತ್ನಮ್ಮ ಅದರಲ್ಲಿ ಇರಲಿಲ್ಲ. ಅವಳದು ಗುಂಡಿ ಒತ್ತುವ ಫೋನು, ಅಕ್ಷರ ಕೂಡಿಸಿ ಓದುವಷ್ಟೇ ಓದು. ಆ ವಿಡಿಯೋಕ್ಕೆ ಕೈಮುಗಿದ ಚಿಹ್ನೆಗಳು ಸಾಲುಸಾಲಾಗಿ ಬಂದವೆಂದು ಧರ್ಮರಾಜ ತಾನೇ ಬಂದು ತೋರಿಸಿದ. ಹಳದಿ ಕೈಗಳು, ಮೇಲಿಂದ ಕೆಳಗಿನವರೆಗೆ.

ವಯನಾಡಿನಲ್ಲಿ ಮಳೆಗಾಲಕ್ಕೂ ಚಳಿಗಾಲಕ್ಕೂ ಹೊತ್ತು ಮುಳುಗುವ ಸಮಯದಲ್ಲಿ ಅಂಥ ವ್ಯತ್ಯಾಸವಿಲ್ಲ. ಆರರಿಂದ ಏಳರ ಒಳಗೆ ಯಾವಾಗಲೋ ಒಮ್ಮೆ. ಬೇರೆ ಊರಿನಲ್ಲಿ ಸೂರ್ಯ ಬೇರೆ ರೀತಿ ನಡೆದುಕೊಂಡಾನು ಎಂದು ಅಂದು ಬಸದಿಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ಕಾರಣವೂ ಇರಲಿಲ್ಲ.

ರಶ್ಮಿ ಹೋಗಿ ಸೇರಿದ್ದು ಇಂಗ್ಲೆಂಡಿನ ಉತ್ತರದ ಒಂದು ಊರು. ಮೊದಲ ವಾರವೇ ಅವಳು ಒಂದು ಪಡಂ ಕಳಿಸಿದಳು. ಫೋಟೋಕ್ಕೆ ಆ ಮನೆಯಲ್ಲಿ ಎಲ್ಲರೂ ಪಡಂ ಎನ್ನುವುದು. ಕಿಟಕಿಯ ಪಕ್ಕ ತಟ್ಟೆ, ತಟ್ಟೆಯಲ್ಲಿ ಅನ್ನ, ಹುರುಳಿಕಾಯಿ ಪಲ್ಯ, ಮೆಣಸಿನ ಸಾರು. ಗೋಡೆಯ ಗಡಿಯಾರದಲ್ಲಿ ರಾತ್ರಿ ಒಂಬತ್ತು, ಕಿಟಕಿಯ ಹೊರಗೆ ಒಳ್ಳೆ ಬಿಸಿಲು. ಇಲ್ಲಿ ಒಂಬತ್ತೂವರೆಗೆ ಹೊತ್ತು ಮುಳುಗುವುದು, ನೇಮ ಹಿಡಿದವರಿಗೆ ಹಬ್ಬ, ಉಂಡು ಉಂಡು ದಪ್ಪಗಾಗುತ್ತೇನೆ ಎಂದು ಬರೆದಿದ್ದಳು. ಧರ್ಮರಾಜ ಅದನ್ನು ಗ್ರೂಪಿಗೆ ಹಾಕಿದ. ಜನ ಬೆರಗಾದರು. ಹಾಲಿನ ಸೊಸೈಟಿಯಲ್ಲಿ ಕ್ಯಾನು ಇಳಿಸಲು ಬಂದವರಿಗೆಲ್ಲ ಅವನು ಫೋನು ತೋರಿಸಿದ. ರಾತ್ರಿ ಒಂಬತ್ತರ ಬಿಸಿಲು ನೋಡಲು ಜನ ಮುಂದೆ ಮುಂದೆ ಬಾಗಿದರು.

ಆಮೇಲೆ ದಿನಕ್ಕೊಂದು ಪಡಂ ಬೇಕೆಂದಾಯಿತು. ಮೊದಲು ಧರ್ಮರಾಜ ಕೇಳುತ್ತಿದ್ದ. ನಂತರ ಗ್ರೂಪಿನ ಹೆಂಗಸರೇ ಇಂದಿನ ತಟ್ಟೆ ಎಲ್ಲಿ ಎಂದು ಕೇಳತೊಡಗಿದರು. ಸೆಪ್ಟೆಂಬರಿನಲ್ಲಿ ದಶಲಕ್ಷಣ ಪರ್ವಕ್ಕೆ ಭಾಗ್ಯಲಕ್ಷ್ಮಿ ಆ ಪಡಂಗಳನ್ನೆಲ್ಲ ಒಟ್ಟುಮಾಡಿ, ಬಸದಿಯ ಮಗ್ಗುಲ ಸಭಾಮನೆಯಲ್ಲಿ ಬಿಳಿ ಬಟ್ಟೆಯ ಮೇಲೆ ತೋರಿಸಿದಳು. ಹಾಸ್ಟೆಲಿನಲ್ಲಿ ಕೂತು ರಾತ್ರಿ ತಿನ್ನುವ ನಮ್ಮ ಹುಡುಗಿಯರು ಈ ಸೊಸೆಯನ್ನು ನೋಡಿ ಕಲಿಯಲಿ ಎಂದಳು. ರತ್ನಮ್ಮನೂ ಅಲ್ಲಿದ್ದಳು. ಅಷ್ಟು ದೊಡ್ಡದಾಗಿ ಒಂದು ತಟ್ಟೆ ಅನ್ನವನ್ನು ಅವಳು ಕಂಡಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಧರ್ಮರಾಜನ ಕಿವಿಗಳು ಸಂತೋಷದಿಂದ ಕೆಂಪಾಗಿದ್ದವು. ಹೆಂಡತಿ ಸತ್ತ ಮೇಲೆ ಅವನ ಮುಖದಲ್ಲಿ ಆ ಕಳೆ ಬಂದದ್ದು ಅದೇ ಮೊದಲು, ಅದನ್ನು ಕಂಡು ರತ್ನಮ್ಮನಿಗೂ ಹಿತವಾಯಿತು. ಆ ಪಡಂಗಳು ಅಲ್ಲಿಂದ ಫೇಸ್‌ಬುಕ್ಕಿಗೆ ಹೋಗಿ, ಮೈಸೂರು, ಹಾಸನದ ಕಡೆಯ ಕಂಡರಿಯದ ಜನರೂ ರಶ್ಮಿಯ ತಟ್ಟೆಗೆ ಕೈಮುಗಿದರು.

ಅಕ್ಟೋಬರ್ ಕಳೆದ ಮೇಲೆ ರಶ್ಮಿ ರತ್ನಮ್ಮನ ಗುಂಡಿ ಫೋನಿಗೆ ಕರೆಯಲು ಶುರುಮಾಡಿದಳು. ಆ ಫೋನಿನಲ್ಲಿ ಮುಖ ಕಾಣುವುದಿಲ್ಲ, ಕರೆಯಲು ಬೇರೆ ಖರ್ಚು. ಏಕೆಂದು ರತ್ನಮ್ಮನಿಗೆ ಮೊದಲು ತಿಳಿಯಲಿಲ್ಲ.

"ಇಲ್ಲಿ ಈಗ ನಾಲ್ಕಕ್ಕೇ ಹೊತ್ತು ಮುಳುಗುತ್ತೆ ದೊಡ್ಡತ್ತೆ," ಎಂದು ಒಂದು ಸಲ ನಗುತ್ತ ಹೇಳಿದಳು.

"ಆಟ ಆಡ್ಬೇಡ. ಒಂಬತ್ತೂವರೆ ಅಂತಿದ್ದಿ."

"ಅದು ಆಗ. ಈಗ ನಾಲ್ಕು. ಬೆಳಿಗ್ಗೆ ಎಂಟಾದ್ರೂ ಬೆಳಕಾಗಲ್ಲ."

ನಂಬಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ರತ್ನಮ್ಮ ತಾಳ್ಮೆಯಿಂದ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಕೆಲಸ ಬೆಳಿಗ್ಗೆ ಏಳರಿಂದ ರಾತ್ರಿ ಏಳು. ಹೊರಡುವಾಗ ಕತ್ತಲು, ಮರಳುವಾಗ ಕತ್ತಲು. ನಡುವೆ ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ. ಹಗಲಿನಲ್ಲಿ ಅವಳಿಗೆ ಅನ್ನ ಸಿಗುವುದು ಆ ಅರ್ಧ ಗಂಟೆ ಮಾತ್ರ. ವಾರದಲ್ಲಿ ರಜಾ ಸಿಗುವ ದಿನ ಮೂರು ಹೊತ್ತು ಉಣ್ಣುತ್ತಾಳೆ. ಆ ದಿನವೇ ಬೇರೆ ಬೇರೆ ಅಡುಗೆ ಮಾಡಿ, ಕಿಟಕಿಯ ಬಳಿ ಇಟ್ಟು, ಪಡಂ ತೆಗೆದು, ವಾರವಿಡೀ ಒಂದೊಂದಾಗಿ ಕಳಿಸುತ್ತಾಳೆ.

"ಹಂಗಾದ್ರೆ ಗ್ರೂಪಿನವರು ನೋಡೋದು ಅವತ್ತವತ್ತಿನ ಅನ್ನ ಅಲ್ಲ ಅನ್ನು."

"ಹಳೇ ಅನ್ನ ದೊಡ್ಡತ್ತೆ. ಹಳಸಿದ್ರೂ ಪಡಂನಲ್ಲಿ ಗೊತ್ತಾಗಲ್ಲ."

ಮನೆಯವರೊಂದಿಗೆ ಮಾತಾಡುವಾಗ ಮುಖ ಕಾಣುತ್ತದೆ. ಕೆನ್ನೆ ಇಳಿದದ್ದು ತಿಳಿಯಬಾರದೆಂದು ಫೋನನ್ನು ದೂರ ನಿಲ್ಲಿಸುತ್ತಾಳೆ. ಸಂಜೆ ಧನ್ಯ ಉಣ್ಣುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ. ಮಗು ತುತ್ತನ್ನು ಫೋನಿನ ಗಾಜಿಗೆ ಹಿಡಿದು ಆ... ಅನ್ನು ಎನ್ನುತ್ತದೆ, ಅವಳು ಬಾಯಿ ತೆರೆಯುತ್ತಾಳೆ. ಆಮೇಲೆ ಅರ್ಧ ಗಂಟೆಯಲ್ಲಿ ಉಳಿದಷ್ಟರಲ್ಲಿ ತನ್ನ ಡಬ್ಬಿ. ಇದನ್ನೆಲ್ಲ ಹೇಳಿದ ಮೇಲೆ, ಮಾವನಿಗೆ ಹೇಳಬೇಡಿ ಎಂದಳು. ಹೇಳುವುದಿಲ್ಲ ಎಂದು ರತ್ನಮ್ಮ ಒಪ್ಪಿಕೊಳ್ಳಲಿಲ್ಲ, ಹೇಳುತ್ತೇನೆ ಎಂದೂ ಅನ್ನಲಿಲ್ಲ.

ನವೆಂಬರಿನಲ್ಲಿ ಸರಿತಳ ಹುಟ್ಟುಹಬ್ಬ ಬಂತು. ಇಬ್ಬರೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದರು. ರಾತ್ರಿ ಕೆಲಸ ಮುಗಿಸಿ ಬಂದ ಹುಡುಗಿಯರು ಸೇರಿ ಕೇಕು ಕತ್ತರಿಸಿದರು. ರಶ್ಮಿ ಕೈಯಲ್ಲಿ ಒಂದು ತಟ್ಟೆ ಹಿಡಿದು ನಿಂತಳು. ತಿನ್ನಲಿಲ್ಲ, ಎಲ್ಲರ ಕೈಯಲ್ಲೂ ಇದ್ದಾಗ ಬರಿಗೈಲಿ ನಿಂತರೆ ಚೆನ್ನಾಗಿರುವುದಿಲ್ಲ ಎಂದು ಹಿಡಿದದ್ದು. ಸರಿತ ಆ ಪಡಂ ಫೇಸ್‌ಬುಕ್ಕಿಗೆ ಹಾಕಿದಳು. ಅದನ್ನು ವೆಳ್ಳಮುಂಡದ ಸರಿತಳ ತಮ್ಮ ನೋಡಿದ, ಅವನ ಗೆಳೆಯ ನೋಡಿದ. ಎರಡು ದಿನದಲ್ಲಿ ಅದು ಗ್ರೂಪಿಗೆ ಬಂತು. ಕಿಟಕಿಯಾಚೆ ಕಪ್ಪು, ಮೇಲೆ ದೀಪ, ಕೈಯಲ್ಲಿ ಮೊಟ್ಟೆ ಹಾಕಿದ ಕೇಕು.

ಗ್ರೂಪಿನಲ್ಲಿ ಬೈಗುಳ ಬರಲಿಲ್ಲ. ಬಯ್ದಿದ್ದರೆ ಧರ್ಮರಾಜ ತಿರುಗಿ ಬಯ್ಯುತ್ತಿದ್ದನೇನೋ. ಇದು ರಾತ್ರಿ ಒಂಬತ್ತರ ಬಿಸಿಲೇ ಎಂದು ಒಬ್ಬರು ಕೇಳಿದರು. ಒಬ್ಬರು ನಗುವ ಮುಖ ಹಾಕಿದರು. ನಮ್ಮ ಹುಡುಗಿಯರಿಗೆ ಇನ್ನು ಏನು ತೋರಿಸುವುದು ಎಂದು ಭಾಗ್ಯಲಕ್ಷ್ಮಿ ಬರೆದಳು. ಧರ್ಮರಾಜ ಎರಡು ದಿನ ಹಾಲಿನ ಸೊಸೈಟಿಗೆ ಹೋಗಲಿಲ್ಲ, ಅರಿಹಂತನನ್ನು ಕಳಿಸಿದ. ಮೂರನೆಯ ದಿನ ಜಗಲಿಯಲ್ಲಿ ಕೂತು ಸೊಸೆಗೆ ಕರೆದ. ಅಂಗಳದಲ್ಲಿ ಮಗುವಿಗೆ ತಲೆ ಬಾಚುತ್ತಿದ್ದ ರತ್ನಮ್ಮನಿಗೆ ಎರಡೂ ಕಡೆಯ ಮಾತು ಕೇಳಿಸುತ್ತಿತ್ತು. ಹಿಡಿದಿದ್ದೆ, ತಿನ್ನಲಿಲ್ಲ ಎಂದು ರಶ್ಮಿ ಹೇಳಿದಳು. ನಂಬಿದೆ ಎಂದು ಅವನೂ ಹೇಳಿದ. ಅವನು ಕೂಗಾಡುವ ಮನುಷ್ಯನಲ್ಲ. ತಾನು ನಂಬಿದರೆ ಸಾಲದು, ಊರು ನಂಬಬೇಕು ಎಂದ. ಇನ್ನು ಮೇಲೆ ಪಡಂನಲ್ಲಿ ಕಿಟಕಿಯೂ ಗಡಿಯಾರವೂ ಅಂದಂದಿನ ತಾರೀಖೂ ಕಾಣಲಿ ಎಂದ.

ಅಂದಿನಿಂದ ಕೂಡಿಟ್ಟ ಪಡಂಗಳು ನಡೆಯಲಿಲ್ಲ. ದಿನವೂ ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಅವಳು ಡಬ್ಬಿ ಹಿಡಿದು ಕಿಟಕಿಯಿರುವ ಜಾಗ ಹುಡುಕಬೇಕು. ಜೊತೆಗೆ ಕೆಲಸ ಮಾಡುವ ಯಾರದಾದರೂ ಫೋನಿನಲ್ಲಿ ತಾರೀಖು, ಗಂಟೆ ತೋರಿಸಿ ಪಕ್ಕದಲ್ಲಿಡಬೇಕು. ಡಬ್ಬಿಯ ಅನ್ನ ತಟ್ಟೆಗೆ ಹಾಕಿ ಅಚ್ಚುಕಟ್ಟು ಮಾಡಬೇಕು, ಪಡಂ ತೆಗೆದು ಕಳಿಸಬೇಕು. ಮಗುವಿನ ಜೊತೆ ಮಾತೂ ಅದರಲ್ಲೇ. ಅಷ್ಟು ಹೊತ್ತಿಗೆ ಯಾವುದೋ ಕೋಣೆಯಿಂದ ಗಂಟೆ ಒತ್ತುತ್ತಾರೆ, ಒಬ್ಬ ಮುದುಕನನ್ನು ಎತ್ತಬೇಕು, ಅವಳಿಗಿಂತ ಎರಡರಷ್ಟು ತೂಕದವನನ್ನು. ಕಾಲು ತಟ್ಟೆ ಉಂಡು ಏಳುತ್ತಾಳೆ. ಗ್ರೂಪಿನವರು ನೋಡಿದ್ದು ತುಂಬಿದ ತಟ್ಟೆ.

ಕಿವಿಯೊಳಗೆ ಗುಂಯ್ ಎನ್ನುತ್ತದೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕು, ತಿಂಗಳದ್ದು ನಿಂತೇಹೋಗಿದೆ ಎಂದು ಅವಳು ಡಿಸೆಂಬರಿನಲ್ಲಿ ಹೇಳಿದಾಗ ರತ್ನಮ್ಮ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಬಸದಿಗೆ ನಡೆದಳು. ಅಲ್ಲಿ ಪೂಜೆ ಮಾಡುವವರು ಅವಳ ಮಾತನ್ನು ಪೂರಾ ಕೇಳಿದರು. ಸೂರ್ಯ ನಾಲ್ಕಕ್ಕೆ ಮುಳುಗುವ ಮಾತಿಗೆ ಅವರೂ ಹುಬ್ಬೇರಿಸಿದರು. ಆಮೇಲೆ ಹೇಳಿದರು: ಹಿಡಿದ ನೇಮವನ್ನು ಸಡಿಲಿಸಲು ದಾರಿಯಿದೆ, ಕಾಯಿಲೆಗೆ, ದೂರದ ದಾರಿಗೆ ಹಿಂದಿನಿಂದಲೂ ಇದೆ. ಅವಳು ಒಂದು ದಿನ ಜಪ ಮಾಡಿ ಉಣ್ಣಲಿ, ಬಂದ ಮೇಲೆ ಇಲ್ಲಿ ಪ್ರಾಯಶ್ಚಿತ್ತ ಮಾಡೋಣ. ಮೈಯನ್ನು ಕೊಲ್ಲಲು ಯಾರೂ ನೇಮ ಕೊಡುವುದಿಲ್ಲ. ಬೇಕಿದ್ದರೆ ಧರ್ಮರಾಜನಿಗೆ ನಾನೇ ಹೇಳುತ್ತೇನೆ.

ಬೇಡ, ನಾನು ಹೇಳುತ್ತೇನೆ ಎಂದು ರತ್ನಮ್ಮ ಬಂದಳು. ಧರ್ಮರಾಜ ಕಾಪಿ ಹಣ್ಣು ಅಳೆದು ಚೀಲಕ್ಕೆ ತುಂಬಿಸುತ್ತಿದ್ದ. ಕೆಲಸದವರು ಹೋಗುವವರೆಗೆ ಕಾದು, ಕಿವಿಯ ಗುಂಯ್ ಎನ್ನುವುದರಿಂದ ಹಿಡಿದು ಎಲ್ಲ ಹೇಳಿದಳು. ಅವನು ಚೀಲದ ಬಾಯಿ ಹಿಡಿದುಕೊಂಡೇ ಕೇಳಿದ.

"ಉಣ್ಣಲಿ ಅತ್ತಿಗೆ. ನಾನು ಬೇಡ ಅಂದ್ನಾ?"

"ಪೂಜೆಯವರು ಹೇಳಿದ್ದನ್ನ ಗ್ರೂಪಿಗೆ ಹಾಕು. ಹಾಕಿದ್ರೆ ಅವಳು ಉಣ್ತಾಳೆ."

"ಉಣ್ಣೋದಕ್ಕೂ ಗ್ರೂಪಿಗೂ ಏನು? ಕತ್ತಲಲ್ಲಿ ಎರಡು ತುತ್ತು ಉಂಡ್ರೆ ಯಾರು ನೋಡ್ತಾರೆ ಅಲ್ಲಿ?"

"ನೋಡ್ತಾರೆ ಅಂತ ಗಡಿಯಾರ ಇಡಿಸಿದವನು ನೀನೇ."

ಅವನು ಚೀಲದ ಬಾಯಿ ಕಟ್ಟಿದ. "ಹಾಕದಿದ್ರೆ ಅವಳು ಉಣ್ಣಲ್ಲ ಅಂತೀರಿ," ಎಂದ. "ಹಾಕಿದ್ರೆ ನನಗೆ ಈ ಊರಲ್ಲಿ ಅನ್ನ ಇಳಿಯಲ್ಲ. ಕೇಕು ತಿಂದು ಸಿಕ್ಕಿಬಿದ್ದಳು, ಈಗ ಪೂಜೆಯವರನ್ನ ಹಿಡಿದು ದಾರಿ ಮಾಡ್ಕೊಂಡಳು ಅಂತಾರೆ. ಚಳಿಗಾಲ ಎಷ್ಟು ದಿನ ಇರುತ್ತೆ? ಕಳೀಲಿ ಬಿಡಿ."

ರತ್ನಮ್ಮ ಅರಿಹಂತನಿಗೂ ಹೇಳಿದಳು. ಅವನು ಹೆಂಡತಿಗೆ ಕರೆದು, ಉಣ್ಣು, ಅಪ್ಪನಿಗೆ ನಾನು ಸಮಾಧಾನ ಹೇಳುತ್ತೇನೆ ಎಂದ. ಆದರೆ ಅಪ್ಪನಿಗೆ ಏನೂ ಹೇಳಲಿಲ್ಲ. ಅವನು ಹಾಗೆಯೇ, ಎರಡು ಕಡೆಯವರಿಗೂ ಒಳ್ಳೆಯ ಮಾತು ಹೇಳಿ ಪಿಕಪ್ ಗಾಡಿ ಹತ್ತುವವನು.

ಮುಂದಿನ ಸಲ ರಶ್ಮಿ ಕರೆದಾಗ ರತ್ನಮ್ಮ ಪೂಜೆಯವರ ಮಾತನ್ನು ಅವರು ಹೇಳಿದ ಹಾಗೇ, ಒಂದಕ್ಷರ ಬಿಡದೆ ಹೇಳಿದಳು. ಆ ಕಡೆ ಮೂಗು ಸೀಟುವ ಸದ್ದು ಕೇಳಿತು.

"ಅವರು ಹೇಳಿದ್ದು ನಿಮಗೆ ಗೊತ್ತು, ನನಗೆ ಗೊತ್ತು. ದಿನಾ ಕೈಮುಗಿಯೋರಿಗೆ ಗೊತ್ತಿಲ್ಲ. ಅವರು ಮುಗಿಯೋ ಕೈಯ ಹಿಂದೆ ಕೂತು ನಾನು ಕದ್ದು ಉಣ್ಣೋದಾ ದೊಡ್ಡತ್ತೆ?"

"ಪಡಂ ಕಳಿಸೋದು ಬಿಟ್ಟುಬಿಡು."

"ಒಂದು ದಿನ ಬಿಟ್ಟೆ. ಇವತ್ತೇನು ಕೇಕಾ ಅಂತ ಕೇಳಿದ್ರು."

"ಹಂಗಾದ್ರೆ ಎಲ್ಲ ಬಿಟ್ಟು ಬಂದುಬಿಡು ಮಗಾ."

"ಬಂದ್ರೆ ಯಾಕೆ ಬಂದಳು ಅನ್ನೋದಕ್ಕೂ ಒಂದು ಪಡಂ ಹಾಕ್ಬೇಕಲ್ಲ," ಎಂದು ಅವಳು ನಕ್ಕಳು. ಆ ನಗು ಅರ್ಧದಲ್ಲೇ ಕೆಮ್ಮಾಯಿತು.

ಹೊಸ ವರ್ಷ ಬಂತು. ಅಲ್ಲಿ ಮಂಜು ಬೀಳುತ್ತಿದೆ ಎಂದು ಅರಿಹಂತ್ ಹೇಳಿದ. ರಶ್ಮಿ ಮಂಜಿನಲ್ಲಿ ನಿಂತ ಒಂದು ಪಡಂ ಗ್ರೂಪಿನಲ್ಲಿ ಬಂತು. ದಪ್ಪ ಕೋಟಿನೊಳಗೆ ಮೈ ಕಾಣುತ್ತಿರಲಿಲ್ಲ, ಆದ್ದರಿಂದ ಎಲ್ಲರೂ ಚೆನ್ನಾಗಿದ್ದಾಳೆ ಎಂದರು.

ಜನವರಿಯ ಮೂರನೆಯ ವಾರ ಒಂದು ಸಂಜೆ ಸರಿತ ಅರಿಹಂತನಿಗೆ ಕರೆದಳು. ರಶ್ಮಿ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಸ್ ನಿಲ್ಲುವ ಜಾಗದಲ್ಲಿ ತಲೆ ಸುತ್ತಿ ಬಿದ್ದಳು. ಕಲ್ಲಿನ ಅಂಚಿಗೆ ತಲೆ ಬಡಿಯಿತು. ಹೆಪ್ಪುಗಟ್ಟಿದ ದಾರಿ, ಕತ್ತಲು, ಬಸ್ಸು ಬರುವವರೆಗೆ ಯಾರೂ ನೋಡಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ಬರಲೇ ಇಲ್ಲ. ಮೈಯಲ್ಲಿ ರಕ್ತವೇ ಇಲ್ಲ, ಇವಳು ಏನು ತಿನ್ನುತ್ತಿದ್ದಳು ಎಂದು ಡಾಕ್ಟರು ಸರಿತಳನ್ನೇ ಕೇಳಿದರಂತೆ.

ಕಾಗದಪತ್ರವೆಲ್ಲ ಮುಗಿದು ಪೆಟ್ಟಿಗೆ ಬರಲು ಫೆಬ್ರವರಿಯಾಯಿತು. ಕರಿಪ್ಪೂರಿನ ವಿಮಾನ ನಿಲ್ದಾಣದಲ್ಲಿ ಇಳಿಸಿಕೊಂಡ ಆಂಬುಲೆನ್ಸು ಚುರಂ ಹತ್ತಿ, ಘಾಟಿಯ ತಿರುವುಗಳನ್ನೆಲ್ಲ ದಾಟಿ ಬೆಳಿಗ್ಗೆ ಬಂತು. ಸರಿತ ಜೊತೆಗೆ ಬಂದಳು. ಹೆಂಗಸರು ಸ್ನಾನ ಮಾಡಿಸುವಾಗ ರತ್ನಮ್ಮ ಆ ಮೈಯನ್ನು ಮುಟ್ಟಿದಳು. ತೋಳು ಧನ್ಯಳ ತೋಳಿಗಿಂತ ಸ್ವಲ್ಪವೇ ದಪ್ಪವಿತ್ತು. ಪೆಟ್ಟಿಗೆಯಲ್ಲಿ ಬಹಳ ದಿನ ಇದ್ದರೆ ಹಾಗಾಗುತ್ತದೆ ಎಂದು ಹೊರಗೆ ಯಾರೋ ಗಂಡಸು ಹೇಳುತ್ತಿದ್ದ.

ಹಿತ್ತಿಲಲ್ಲಿ ಸರಿತ ರತ್ನಮ್ಮನ ಕೈ ಹಿಡಿದುಕೊಂಡು ಮಲಯಾಳದಲ್ಲಿ ಹೇಳಿದಳು. ಆಸ್ಪತ್ರೆಯಿಂದ ಮರಳಿ ಬಂದು ದೀಪ ಹಾಕಿದಾಗ ಅಡುಗೆಮನೆಯ ಮೇಜಿನ ಮೇಲೆ ಒಂದು ತಟ್ಟೆ ಇತ್ತು. ಅನ್ನ ಬಡಿಸಿ, ಸಾರು ಹಾಕಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ಬೆರಳು ಕೂಡ ಇಟ್ಟಿರಲಿಲ್ಲ. ಬೆಳಗಿನ ಕತ್ತಲಲ್ಲಿ ಅವಳು ಒಲೆ ಹಚ್ಚಿದ್ದನ್ನು ತಾನು ಎಂದೂ ಕಂಡಿರಲಿಲ್ಲ, ಆ ದಿನ ಏಕೆ ಬಡಿಸಿಕೊಂಡಳೋ ತಿಳಿಯದು. ಅಂದು ಕೇಕಿನ ಪಡಂ ಹಾಕಿದವಳು ನಾನೇ ಚೇಚಿ ಎಂದು ಸರಿತ ಅತ್ತಳು.

ಗ್ರೂಪಿನಲ್ಲಿ ರಶ್ಮಿಯ ಮುಖಕ್ಕೆ ಹೂವಿನ ಚೌಕಟ್ಟು ಹಾಕಿದರು. ಕೇಕಿನ ಮಾತನ್ನು ಎಲ್ಲರೂ ಮರೆತರು. ಹಳೆಯ ತಟ್ಟೆಗಳನ್ನು ಹುಡುಕಿ ಹುಡುಕಿ ಒಬ್ಬೊಬ್ಬರು ಮತ್ತೆ ಹಾಕಿದರು, ರಾತ್ರಿ ಒಂಬತ್ತರ ಬಿಸಿಲಿನದೂ ಬಂತು. ಏನು ಬರೆದಿದ್ದಾರೆ ಓದು ಎಂದು ರತ್ನಮ್ಮ ಅರಿಹಂತನನ್ನು ಕೇಳಿದಳು. ಅವನು ಜಗಲಿಯ ಮೇಲೆ ಕೂತು ಓದಿದ. ಹೊರದೇಶದಲ್ಲೂ ವ್ರತ ಬಿಡದ ಮಹಾತಾಯಿ, ಪ್ರಾಣ ಕೊಟ್ಟರೂ ನೇಮ ಕೊಡಲಿಲ್ಲ ಎಂದು ಭಾಗ್ಯಲಕ್ಷ್ಮಿ ಬರೆದಿದ್ದಳು. ಅದರ ಕೆಳಗೆ ಹಳದಿ ಕೈಗಳು.

"ನಿಲ್ಲಿಸು," ಎಂದಳು ರತ್ನಮ್ಮ.

ಅವನು ನಿಲ್ಲಿಸಿದ. "ನಾನೂ ಈ ಕೈಗಳನ್ನ ಹಾಕಿದ್ದೀನಿ ದೊಡ್ಡಮ್ಮಾ," ಎಂದ. "ಬದುಕಿದ್ದಾಗ. ದಿನಾ, ಅವಳ ತಟ್ಟೆಗೆ, ಎಲ್ಲರ ಜೊತೆ."

ಧರ್ಮರಾಜ ಒಳಕೋಣೆಯಲ್ಲಿದ್ದ. ಬಂದ ಸಂತಾಪಗಳಿಗೆ ಒಂದೊಂದಕ್ಕೂ ಬಿಡದೆ ಉತ್ತರ ಕೊಡುತ್ತಿದ್ದ. ಹೊರಗೆ ಜನ ಕಡಿಮೆಯಾದಾಗ ರತ್ನಮ್ಮನ ಬಳಿ ಬಂದು, ಪೂಜೆಯವರು ಅಂದು ಹೇಳಿದ ಮಾತು ಇನ್ನು ಯಾರ ಕಿವಿಗೂ ಬೀಳುವುದು ಬೇಡ ಅತ್ತಿಗೆ ಎಂದ. ಅವನ ಗಡ್ಡ ಬೆಳೆದಿತ್ತು, ಕಣ್ಣು ಬಾತಿತ್ತು. ರತ್ನಮ್ಮ ಅವನನ್ನು ನೋಡಿದಳು. ಕೇಳಿದವರಿಗೆ ಹೇಳುತ್ತೇನೆ ಎಂದಳು. ಯಾರೂ ಕೇಳಲಿಲ್ಲ.

ಸರಿತ ಹೇಳಿದ ಆ ತಟ್ಟೆ ಏಕೆ ಬಡಿಸಿತ್ತು ಎಂಬುದು ರತ್ನಮ್ಮ ಒಬ್ಬಳಿಗೇ ಗೊತ್ತು. ಅಂದು ಕೆಲಸಕ್ಕೆ ಹೊರಡುವ ಮೊದಲು ರಶ್ಮಿ ಅವಳಿಗೆ ಕರೆದಿದ್ದಳು.

ಇಲ್ಲಿ ಹನ್ನೊಂದು ಕಳೆದಿತ್ತು. ಅಂಗಳದ ತುಂಬ ಕಾಪಿ ಹಣ್ಣು ಹರವಿತ್ತು. ರತ್ನಮ್ಮ ಅದರ ನಡುವೆ ಕಾಲೆಳೆಯುತ್ತ, ಗೆರೆ ಹಾಕುತ್ತ, ಅಡಿಯದನ್ನು ಮೇಲೆ ತರುತ್ತಿದ್ದಳು. ಧನ್ಯ ಹಿಂದೆ ಹಿಂದೆ ಬಂದು ಆ ಗೆರೆ ಕೆಡಿಸುತ್ತಿತ್ತು. ಆ ಹೊತ್ತಿಗೆ ರಶ್ಮಿಯ ಕರೆ ಎಂದೂ ಬರುವುದಿಲ್ಲ. ಅಲ್ಲಿ ಇನ್ನೂ ಬೆಳಗಾಗಿಲ್ಲ. ಅಂಗಳದಲ್ಲಿ ಫೋನಿನ ಲೈನು ಸಾಮಾನ್ಯವಾಗಿ ಸರಿ ಸಿಗುವುದಿಲ್ಲ, ಬೇಲಿಯ ತನಕ ಹೋಗಬೇಕು. ಹೋಗುವುದರೊಳಗೆ ಮಾತು ತುಂಡು ತುಂಡಾಗಿ ಬರತೊಡಗಿತ್ತು. ಕೊನೆಯ ಪ್ರಶ್ನೆಗೆ ರತ್ನಮ್ಮ ತಡಮಾಡದೆ, ಗಟ್ಟಿಯಾಗಿ, ಕೆಳಗಿನ ಗದ್ದೆಯಲ್ಲಿದ್ದವರು ತಲೆಯೆತ್ತುವಷ್ಟು ಗಟ್ಟಿಯಾಗಿ ಉತ್ತರ ಕೊಟ್ಟಿದ್ದಳು. ಉಣ್ಣು ಮಗಾ, ಉಣ್ಣು ಎಂದು. ಆ ಕಡೆ ಸದ್ದಿರಲಿಲ್ಲ. ಲೈನು ಯಾವಾಗ ಹೋಯಿತೋ, ಉತ್ತರ ಮುಟ್ಟಿತೋ ಇಲ್ಲವೋ, ಅಂದು ಅವಳಿಗೆ ತಿಳಿಯಲಿಲ್ಲ. ಬೆರಳಿಡದ ತಟ್ಟೆಯ ಮಾತು ಕೇಳಿದ ಮೇಲೆ ತಿಳಿಯಿತು.

ರಶ್ಮಿಯ ದನಿ ಅಂದು ಸಣ್ಣದಾಗಿತ್ತು, ಆದರೆ ಅಳು ಇರಲಿಲ್ಲ. ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಕಾಪಿ ತಿರುವುತ್ತಿದ್ದೇನೆ ಎಂದಾಗ, ಬಿಸಿಲು ಹೇಗಿದೆ ಎಂದಳು. ಕಾಲು ಸುಡುತ್ತದೆ, ನಿನ್ನ ಮಗಳು ಚಪ್ಪಲಿಯಿಲ್ಲದೆ ಕುಣಿಯುತ್ತಿದ್ದಾಳೆ ಎಂದು ರತ್ನಮ್ಮ ಹೇಳಿದಳು.

"ದೊಡ್ಡತ್ತೆ, ನಾನು ನೇಮ ಹಿಡಿದದ್ದು ಅಲ್ಲಿ, ನಮ್ಮ ಬಸದೀಲಿ. ಈ ಊರಿನ ಹೊತ್ತಿಗೆ ನಾನೇನೂ ಮಾತು ಕೊಟ್ಟಿಲ್ಲ. ಇಲ್ಲಿ ಕತ್ತಲೆ ಇದೆ, ಅನ್ನ ಬಡಿಸ್ಕೊಂಡು ಕೂತಿದ್ದೀನಿ. ನಿಮ್ಮ ಅಂಗಳದಲ್ಲಿ ಬಿಸಿಲಿದೆಯಲ್ಲ, ಅದನ್ನೇ ಹಗಲು ಅಂತ ಇಟ್ಕೊಂಡು ಒಂದು ತುತ್ತು ಉಣ್ಣಲಾ?"